ಎಲೆಗೊಬ್ಬರದ ಪಂಜರ: ಹದಿನಾಲ್ಕು ತಿಂಗಳು ಬಳಸಿದ ಮೇಲೆ

ಐದಕ್ಕೆ ಮೂರೂವರೆ ಕೊಡುತ್ತೇನೆ. ಉಳಿದ ಒಂದೂವರೆ ಯಾಕೆ ಹೋಯಿತು ಅಂತ ಮುಂದೆ ಹೇಳುತ್ತೇನೆ.

ಮೈಸೂರಿನ ಕುವೆಂಪುನಗರದ ಒಂದು ಅಡ್ಡರಸ್ತೆಯಲ್ಲಿ ನನ್ನ ಹಾಲಿನ ಬೂತ್ ಇದೆ. ಬೀದಿಯಲ್ಲಿ ಏಳು ಹೊಂಗೆಮರ, ಮೂಲೆಗೊಂದು ಗುಲ್‌ಮೊಹರ್. ಶಿವರಾತ್ರಿ ಹತ್ತಿರ ಬಂದರೆ ಹೊಂಗೆ ಎಲೆ ಸುರಿಯುತ್ತದೆ. ಬೆಳಿಗ್ಗೆ ಗುಡಿಸಿದರೆ ಸಂಜೆಗೆ ಮತ್ತೆ ಅಷ್ಟೇ. ಗುಡ್ಡೆ ಹಾಕಿ ಬೆಂಕಿ ಇಡುವುದೇ ರೂಢಿ. 2016ರಲ್ಲಿ ಮೈಸೂರಿಗೆ ದೇಶದ ನಂಬರ್ ಒನ್ ಸ್ವಚ್ಛ ನಗರ ಅಂತ ಹೆಸರು ಬಂದಾಗಲೂ ನಮ್ಮ ಬೀದಿಯಲ್ಲಿ ಹೊಗೆ ಏಳುತ್ತಲೇ ಇತ್ತು. ಅದೇ ವರ್ಷ ಕಸ ಸುಟ್ಟರೆ 5,000 ರೂಪಾಯಿ ದಂಡ ಅಂತ ಹಸಿರು ನ್ಯಾಯಮಂಡಳಿ ಹೇಳಿತ್ತು. ಎದುರುಮನೆಯವರಿಗೆ ಇದನ್ನು ತಿಳಿಸಿದೆ. "ಹಾಗಾದ್ರೆ ಎಲೆ ಎಲ್ಲಾ ನಿಮ್ಮ ಬೂತಲ್ಲೇ ಇಟ್ಕೊಳ್ಳಿ" ಅಂದರು. ಆ ಮಾತಿನ ಹಟಕ್ಕೇ ಪಂಜರ ತರಿಸಿದೆ ಅನ್ನಿ.

ನಾಲ್ಕು ಕಡೆ ತಂತಿ ಜಾಲರಿ, ಮೂರಡಿ ಉದ್ದಗಲ, ನಾಲ್ಕಡಿ ಎತ್ತರ, ಕೆಳಗೊಂದು ಪುಟ್ಟ ಬಾಗಿಲು. ತಳ ಇಲ್ಲ, ಎರೆಹುಳ ಮೇಲೆ ಬರಲಿ ಅಂತ ಮಣ್ಣಿನ ಮೇಲೇ ಕೂರಿಸಬೇಕು. ಜೋಡಿಸಲು ಅರ್ಧ ಗಂಟೆ ಸಾಕು.

ಮೊದಲ ಮೂರು ತಿಂಗಳು ಏನೂ ಆಗಲಿಲ್ಲ. ಬಾಗಿಲು ತೆಗೆದು ನೋಡಿದರೆ ಎಲೆ ಹಪ್ಪಳದ ಹಾಗೆ ಗರಿಗರಿ. ಜೊತೆಗೆ ಬಂದ ಚೀಟಿಯಲ್ಲಿ ಇದ್ದಿದ್ದು "ತೇವ ಕಾಪಾಡಿ" ಅನ್ನುವ ಒಂದೇ ಸಾಲು. ಒಣ ಎಲೆಯಲ್ಲಿ ಬರೀ ಇಂಗಾಲವೇ ಜಾಸ್ತಿ. ಕೊಳೆಸುವ ಸೂಕ್ಷ್ಮಜೀವಿಗೆ ನೀರೂ ಬೇಕು, ಸಾರಜನಕವೂ ಬೇಕು. ಅದನ್ನು ಬರೆದಿದ್ದರೆ ನನಗೆ ಮೂರು ತಿಂಗಳು ಉಳಿಯುತ್ತಿತ್ತು, ಅಲ್ವಾ? ಹಿಂದಿನ ಬೀದಿಯಲ್ಲಿ ಹಸು ಕಟ್ಟಿದ್ದಾರೆ. ಅಲ್ಲಿಂದ ಎರಡು ಬಕೆಟ್ ಸಗಣಿ ತಂದು ಕದಡಿ, ಬೂತಿನಲ್ಲಿ ಉಳಿದು ಹುಳಿಯಾದ ಮಜ್ಜಿಗೆ ಸೇರಿಸಿ, ಪದರ ಪದರವಾಗಿ ಸುರಿದೆ.

ಒಂದು ವಾರದ ಮೇಲೆ ರಾತ್ರಿ ಮಳೆ ಬಂತು. ಬೆಳಿಗ್ಗೆ ಐದೂವರೆಗೆ ಹಾಲಿನ ಕ್ರೇಟ್ ಇಳಿಸುತ್ತಿದ್ದೆ, ಎದುರುಮನೆಯವರು ಗೇಟಿನಿಂದಲೇ ಕೂಗಿದರು: "ಕೊನೆಗೆ ನೀವೂ ಬೆಂಕಿ ಹಚ್ಚಿದ್ರಾ?" ಹೋಗಿ ನೋಡಿದರೆ ಪಂಜರದಿಂದ ಆವಿ ಏಳುತ್ತಿದೆ. ಮೊಣಕೈವರೆಗೆ ಕೈ ತೂರಿಸಿದೆ. ಇಡ್ಲಿ ಪಾತ್ರೆ ಮುಚ್ಚಳ ತೆಗೆದಾಗ ಮುಖಕ್ಕೆ ಹೊಡೆಯುವಂಥ ಬಿಸಿ. ಬೆಂಕಿಯಲ್ಲ, ಎಲೆ ಕೊಳೆಯುವಾಗ ಹುಟ್ಟುವ ಶಾಖ. ಅವರ ಕೈಯನ್ನೂ ಹಾಕಿಸಿದೆ.

ಇನ್ನು ತಕರಾರು. ಜಾಲರಿಯ ಕಣ್ಣು ಎರಡಿಂಚು. ಹೊಂಗೆ ಎಲೆ ನಿಲ್ಲುತ್ತದೆ, ಗುಲ್‌ಮೊಹರ್‌ನ ಪುಡಿ ಎಲೆ ಉದುರಿ ಮತ್ತೆ ರಸ್ತೆಗೇ ಬೀಳುತ್ತದೆ. ಒಳಗೆ ನರ್ಸರಿಯ ಹಸಿರು ಬಲೆ ಕಟ್ಟಿದೆ. ಬಾಗಿಲಿನ ಚಿಲಕ ಒಂದೇ ಮಳೆಗಾಲಕ್ಕೆ ತುಕ್ಕು. ಫೋನ್ ಮಾಡಿದರೆ ಫೋಟೋ ಕಳಿಸಿ ಅಂದರು. ಕಳಿಸಿದೆ, ಅಷ್ಟೇ. ದೊಡ್ಡ ತಪ್ಪು ಹಿಡಿದವರು ನಮ್ಮ ಬೀದಿ ಗುಡಿಸುವ ಅಕ್ಕ. "ನಾಲ್ಕಡಿ ಎತ್ತರಕ್ಕೆ ಬುಟ್ಟಿ ಎತ್ತಿ ಸುರಿಯೋದು ಯಾರು? ಇದನ್ನ ಮಾಡಿದೋನು ಒಂದಿನನೂ ಕಸ ಗುಡಿಸಿಲ್ಲ" ಅಂದರು. ಈಗ ಪಕ್ಕದಲ್ಲಿ ಎರಡು ಸಿಮೆಂಟ್ ಬ್ಲಾಕ್ ಇಟ್ಟಿದ್ದೇನೆ, ಹತ್ತಿ ಸುರಿಯುತ್ತಾರೆ. ಗುಟ್ಕಾ ಪ್ಯಾಕೆಟ್ ಎಸೆಯುವವರಿಗೆ ಮಾತ್ರ ಇನ್ನೂ ಮದ್ದು ಸಿಕ್ಕಿಲ್ಲ. ತೆಂಗಿನ ಗರಿ ಹಾಕಬೇಡಿ, ಸುಮ್ನೆ ಜಾಗ ದಂಡ.

ಮೊದಲ ಗೊಬ್ಬರ ದಸರಾ ಹೊತ್ತಿಗೆ ಸಿಕ್ಕಿತು, ಐದು ಸಿಮೆಂಟ್ ಚೀಲ. ಕಪ್ಪಗೆ, ಕಾಡಿನ ಮಣ್ಣಿನ ವಾಸನೆ. ಅದೇ ಮರಗಳ ಬುಡಕ್ಕೆ ಪಾತಿ ಮಾಡಿ ಹಾಕಿದೆವು. ಊರಲ್ಲಿ ನಮ್ಮಪ್ಪ ಹೊಂಗೆ ಸೊಪ್ಪು ಕಡಿದು ತಂದು ಗದ್ದೆಗೆ ತುಳಿಸುತ್ತಿದ್ದರು. ನಾನು ಇಷ್ಟು ವರ್ಷ ಅದರ ಹೊಗೆ ಕುಡಿಯುತ್ತಾ ಕೂತಿದ್ದೆ.

ಕೊಳ್ಳುವುದಾದರೆ ಇದೇ ಬೇಕು ಅಂತಿಲ್ಲ. ಎರಡನೆಯದನ್ನು ನಾನು ಗ್ರಿಲ್ ಅಂಗಡಿಯಲ್ಲಿ ಮಾಡಿಸುತ್ತಿದ್ದೇನೆ: ಒಂದಿಂಚಿನ ಜಾಲರಿ, ಮೂರೇ ಅಡಿ ಎತ್ತರ, ಅಗಲ ಬಾಗಿಲು, ಮೇಲೊಂದು ಮುಚ್ಚಳ. ಅರ್ಧ ದುಡ್ಡು ಎದುರುಮನೆಯವರದು. ಅವರ ಗೇಟಿನ ಮುಂದೆ ಮಾತ್ರ ಇಡಬಾರದಂತೆ.