ಹಳೇ ಲಾಗ್‌ನಿಂದ ಕೀವರ್ಡ್ ತೆಗೆಯಲು ರೆಫರರ್-ಪಾರ್ಸರ್: ಬಳಸಿದ ಮೇಲಿನ ಮಾತು

ನಿಮ್ಮ ಹತ್ತಿರ ಹಳೇ ಸರ್ವರ್ ಲಾಗ್ (ಸೈಟ್‌ಗೆ ಬಂದವರ ದಾಖಲೆ) ಇದ್ದರೆ, ಅದರಿಂದ ಕೀವರ್ಡ್, ಅಂದರೆ ಜನ ಸರ್ಚ್‌ನಲ್ಲಿ ಟೈಪ್ ಮಾಡಿದ ಮಾತು, ತೆಗೆಯಲು ರೆಫರರ್-ಪಾರ್ಸರ್ ಲೈಬ್ರರಿಯನ್ನು ಖಂಡಿತ ಹಾಕಿಕೊಳ್ಳಿ. ಇವತ್ತು ಗೂಗಲ್‌ನಲ್ಲಿ ಜನ ಏನು ಟೈಪ್ ಮಾಡಿ ನಿಮ್ಮ ಸೈಟ್‌ಗೆ ಬರುತ್ತಿದ್ದಾರೆ ಅಂತ ತಿಳಿಯಬೇಕಿದ್ದರೆ ಇದರಿಂದ ಪ್ರಯೋಜನವಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ನಾನು ರೇಡಿಯೋ ರಿಪೇರಿ ಬಗ್ಗೆ ಒಂದು ವೆಬ್‌ಸೈಟ್ ನಡೆಸುತ್ತೇನೆ. 2009ರಿಂದ ಈಚಿನ ಅಪಾಚಿ (ವೆಬ್ ಸರ್ವರ್ ತಂತ್ರಾಂಶ) ಲಾಗ್‌ಗಳನ್ನೆಲ್ಲ ಇಟ್ಟುಕೊಂಡಿದ್ದೇನೆ. ಕಂಬೈಂಡ್ ಫಾರ್ಮ್ಯಾಟ್ ಆದ್ದರಿಂದ ಪ್ರತಿ ಸಾಲಿನಲ್ಲೂ ಬ್ರೌಸರ್ ಹೆಸರಿಗೆ ಮುಂಚೆ ರೆಫರರ್ ಇರುತ್ತದೆ. ಅಂದರೆ ಓದುಗರು ಯಾವ ಪುಟದಿಂದ ಬಂದರೋ ಆ ಪುಟದ ಲಿಂಕ್. ಆಗೆಲ್ಲ ಸರ್ಚ್‌ನಿಂದ ಬಂದವರು ಟೈಪ್ ಮಾಡಿದ್ದು ಪೂರ್ತಿ ಆ ಲಿಂಕ್‌ನಲ್ಲೇ ಕೂತಿರುತ್ತಿತ್ತು.

ಆದರೆ ಕನ್ನಡದಲ್ಲಿ ಹುಡುಕಿದ್ದರೆ ಬರಿಗಣ್ಣಿಗೆ ಏನೂ ತಿಳಿಯುವುದಿಲ್ಲ. ಅಕ್ಷರಗಳನ್ನು ಕಂಪ್ಯೂಟರ್‌ನಲ್ಲಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ 'ಕ' ಒಂದೇ ಅಕ್ಷರ 3 ಬೈಟ್. ಲಿಂಕ್ ಒಳಗೆ ಪ್ರತಿ ಬೈಟ್‌ಗೂ ಒಂದು ಪರ್ಸೆಂಟ್ ಗುರುತು, ಅದರ ನಂತರ ಇನ್ನೆರಡು ಚಿಹ್ನೆ. 'ಕನ್ನಡ' ಅಂತ ಹುಡುಕಿದರೆ ಒತ್ತಿನ ಗುರುತೂ ಸೇರಿ 45 ಚಿಹ್ನೆಗಳ ಉದ್ದದ ಸಾಲು.

ಇದನ್ನು ಬಿಡಿಸುವುದಕ್ಕೆ ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಜೊತೆಗೇ ಬರುವ ಯುಆರ್‌ಎಲ್‌ಲಿಬ್ ಸಾಕು. ಯುಆರ್‌ಎಲ್‌ಪಾರ್ಸ್ ಲಿಂಕನ್ನು ತುಂಡು ಮಾಡಿಕೊಡುತ್ತದೆ. ಪ್ರಶ್ನೆ ಚಿಹ್ನೆಯ ಮುಂದಿನ ಭಾಗವನ್ನು ಪಾರ್ಸ್_ಕ್ಯೂಎಸ್‌ಗೆ ಕೊಟ್ಟರೆ ಪರ್ಸೆಂಟ್ ಗುರುತುಗಳೆಲ್ಲ ಅಕ್ಷರವಾಗುತ್ತವೆ, ಪದಗಳ ಮಧ್ಯದ ಪ್ಲಸ್ ಖಾಲಿ ಜಾಗವಾಗುತ್ತದೆ. ಬರೀ ಅನ್‌ಕೋಟ್ ಬಳಸಿದರೆ ಪ್ಲಸ್ ಹಾಗೇ ಉಳಿಯುತ್ತದೆ, ನೆನಪಿಡಿ.

ಹಾಗಾದರೆ ಬೇರೆ ಲೈಬ್ರರಿ ಯಾಕೆ ಅಂತೀರಾ? ಕೀವರ್ಡ್ ಯಾವ ಹೆಸರಿನಡಿ ಇರುತ್ತದೆ ಅನ್ನುವುದು ಒಂದೊಂದು ಸರ್ಚ್ ಎಂಜಿನ್‌ಗೆ ಒಂದೊಂದು ಥರ. ಗೂಗಲ್, ಬಿಂಗ್‌ಗೆ 'ಕ್ಯೂ'. ಯಾಹೂಗೆ 'ಪಿ'. ಯಾಂಡೆಕ್ಸ್‌ಗೆ 'ಟೆಕ್ಸ್ಟ್'. ಬೈದುಗೆ 'ಡಬ್ಲ್ಯೂಡಿ'. ಗೂಗಲ್ ಒಂದಕ್ಕೇ ಆಗ ದೇಶಕ್ಕೊಂದು ಡೊಮೇನ್ ಇತ್ತು. ಸುಮ್ನೆ ಲಿಂಕ್‌ನಲ್ಲಿ 'ಗೂಗಲ್' ಅಂತ ಇದೆಯಾ ಅಂತ ನೋಡುವ ಕೋಡ್ ಬರೆದರೆ ಜಿಮೇಲ್‌ನಿಂದ ಬಂದವರೂ ಸರ್ಚ್ ಲೆಕ್ಕಕ್ಕೆ ಸೇರುತ್ತಾರೆ. ಸ್ನೋಪ್ಲೋ ತಂಡದ ರೆಫರರ್-ಪಾರ್ಸರ್ ಈ ಪಟ್ಟಿಯನ್ನೆಲ್ಲ ತನ್ನ ಜೊತೆಗೇ ತರುತ್ತದೆ. ಪಟ್ಟಿಯ ಮೂಲ ಪಿವಿಕ್ ಅನ್ನುವ ಸೈಟ್ ಅಂಕಿಅಂಶದ ತಂತ್ರಾಂಶ, ಅಂದರೆ ಈಗಿನ ಮಟೊಮೊ. ಲಿಂಕ್ ಕೊಟ್ಟರೆ ಎಂಜಿನ್ ಹೆಸರು, ಬಂದ ದಾರಿ ಸರ್ಚೋ ಸೋಷಿಯಲ್ಲೋ ಇಮೇಲೋ, ಹುಡುಕಿದ ಮಾತು, ಮೂರೂ ಬೇರೆ ಬೇರೆಯಾಗಿ ಕೈಗೆ ಬರುತ್ತವೆ. ನನಗೆ ಇಷ್ಟವಾಗಿದ್ದು ಇದೇ.

ಹೀಗೆ ತೆಗೆದ ಸಾಲುಗಳಲ್ಲಿ 'ರೇಡಿಯೋ ಆನ್ ಆಗುತ್ತೆ ಧ್ವನಿ ಬರಲ್ಲ' ಅನ್ನುವುದು ಮತ್ತೆ ಮತ್ತೆ ಕಂಡಿತು. ಅವರೆಲ್ಲ ಬಂದು ಇಳಿದದ್ದು ಬ್ಯಾಟರಿ ಬದಲಾಯಿಸುವ ಪುಟಕ್ಕೆ. ಅಲ್ಲಿ ಅವರಿಗೆ ಬೇಕಾದದ್ದು ಒಂದು ಸಾಲೂ ಇರಲಿಲ್ಲ. ಸ್ಪೀಕರ್ ವೈರ್, ಇಯರ್‌ಫೋನ್ ಸಾಕೆಟ್, ವಾಲ್ಯೂಮ್ ಕಂಟ್ರೋಲ್ ಹೇಗೆ ಪರೀಕ್ಷಿಸಬೇಕು ಅಂತ ಒಂದು ಹೊಸ ಪುಟ ಬರೆದೆ. ಓದುಗರ ಬಾಯಿಂದ ಬಂದ ಪ್ರಶ್ನೆಗೆ ನೇರ ಉತ್ತರ ಕೊಡುವುದು ಎಷ್ಟು ಸಮಾಧಾನದ ಕೆಲಸ ಅಲ್ವಾ!

2011ರ ಅಕ್ಟೋಬರ್‌ನಿಂದ ಮುಂದೆ ಫಸಲು ಕಡಿಮೆ. ಲಾಗಿನ್ ಆದವರ ಹುಡುಕಾಟವನ್ನು ಗೂಗಲ್ ಆಗ ಎನ್‌ಕ್ರಿಪ್ಟ್ ಮಾಡತೊಡಗಿತು, 2013ರಲ್ಲಿ ಎಲ್ಲರದ್ದನ್ನೂ. ಈ ಕಾಲದ ಲಾಗ್‌ನಲ್ಲಿ 'ಕ್ಯೂ' ಇರುತ್ತದೆ, ಅದರ ಮುಂದೆ ಏನೂ ಇರುವುದಿಲ್ಲ. ಪಾರ್ಸ್_ಕ್ಯೂಎಸ್ ಇಂಥ ಖಾಲಿ ಹೆಸರನ್ನು ತಾನಾಗಿಯೇ ಬಿಟ್ಟುಬಿಡುತ್ತದೆ. ಕೀಪ್_ಬ್ಲ್ಯಾಂಕ್_ವ್ಯಾಲ್ಯೂಸ್ ಆನ್ ಮಾಡಿದರೆ ಉಳಿಸಿಕೊಡುತ್ತದೆ. ಸರ್ಚ್‌ನಿಂದ ಬಂದರು, ಮಾತು ಮಾತ್ರ ಸಿಗಲಿಲ್ಲ ಅಂತ ಬೇರೆ ಎಣಿಸಲು ಇದು ಬೇಕೇ ಬೇಕು. ಇದಾದ ಮೇಲೆ 2020ರಲ್ಲಿ ಕ್ರೋಮ್ 85 ಬಂತು. ಅಲ್ಲಿಂದಾಚೆಗೆ ಬೇರೆ ಸೈಟ್‌ಗೆ ಹೋಗುವಾಗ ಬ್ರೌಸರ್ ತಾನಾಗಿ ಕಳಿಸುವುದು ಡೊಮೇನ್ ಮಟ್ಟದವರೆಗಿನ ಲಿಂಕ್ ಮಾತ್ರ. ಹುಡುಕುವವರ ಗುಟ್ಟು ಉಳಿಯುತ್ತದೆ, ಅದು ಸರಿಯೇ. ಇಲ್ಲದ್ದನ್ನು ಯಾವ ಲೈಬ್ರರಿಯೂ ತೆಗೆದುಕೊಡಲಾರದು. ಈಗಿನ ಗೂಗಲ್ ಕೀವರ್ಡ್‌ಗೆ, ಸೈಟ್ ನಡೆಸುವವರಿಗೆ ಗೂಗಲ್ ಕೊಡುವ ಸರ್ಚ್ ಕನ್ಸೋಲ್ ನೋಡಬೇಕು. ಅಲ್ಲಿ 16 ತಿಂಗಳ ಲೆಕ್ಕ ಸಿಗುತ್ತದೆ, ತೀರಾ ಅಪರೂಪದ ಹುಡುಕಾಟಗಳನ್ನು ಮಾತ್ರ ತೋರಿಸುವುದಿಲ್ಲ.

ಒಂದು ಎಚ್ಚರಿಕೆ. ರೆಫರರ್‌ನಲ್ಲಿ ಯಾರು ಏನು ಬೇಕಾದರೂ ತುಂಬಿ ಕಳಿಸಬಹುದು. ತೆಗೆದ ಕೀವರ್ಡನ್ನು ವೆಬ್ ಪುಟದಲ್ಲಿ ತೋರಿಸುವ ಮುಂಚೆ ಎಚ್‌ಟಿಎಂಎಲ್ ಎಸ್ಕೇಪ್ ಮಾಡಿ, ಅಂದರೆ ಅದರೊಳಗಿನ ಕೋಡ್ ಓಡದೆ ಬರೀ ಅಕ್ಷರವಾಗಿ ಕಾಣುವಂತೆ ಮಾಡಿ. ಇಲ್ಲದಿದ್ದರೆ ಯಾರೋ ಸೇರಿಸಿದ ಸ್ಕ್ರಿಪ್ಟ್ ನಿಮ್ಮದೇ ಪುಟದಲ್ಲಿ ಓಡುತ್ತದೆ.

ನಿಮ್ಮ ಸೈಟ್‌ನಲ್ಲೇ ಸರ್ಚ್ ಬಾಕ್ಸ್ ಇದ್ದರೆ ಈ ಕೆಲಸಕ್ಕೆ ಈಗಲೂ ಜೀವ ಇದೆ. ಒಂದೇ ಸೈಟ್ ಒಳಗೆ ಓಡಾಡುವಾಗ ಬ್ರೌಸರ್ ಪೂರ್ತಿ ಲಿಂಕ್ ಕಳಿಸುತ್ತದೆ. ರೆಫರರ್-ಪಾರ್ಸರ್‌ಗೆ ಈಗಿನ ಪುಟದ ವಿಳಾಸವನ್ನೂ ಕೊಟ್ಟರೆ ಇಂಥವನ್ನು 'ಇಂಟರ್ನಲ್' ಅಂತ ಬೇರೆ ಮಾಡಿಕೊಡುತ್ತದೆ. ಅವುಗಳಲ್ಲಿ ಸರ್ಚ್ ಪುಟದಿಂದ ಬಂದವನ್ನು ಆರಿಸಿ ಪಾರ್ಸ್_ಕ್ಯೂಎಸ್‌ಗೆ ಕೊಡುತ್ತೇನೆ. ಓದುಗ ಏನು ಹುಡುಕಿದ, ಆಮೇಲೆ ಯಾವ ಪುಟ ತೆರೆದ, ಎರಡೂ ಒಂದೇ ಸಾಲಿನಲ್ಲಿ ಸಿಗುತ್ತದೆ.