ಗ್ರೀಸಿನ ಚಿಕ್ಕ ದ್ವೀಪದಲ್ಲಿ ಅಡುಗೆಮನೆ ಇರುವ ರೂಮು ಹಿಡಿಯುವ ಮುಂಚೆ ಇದನ್ನು ಓದಿ

ಮುಂದಿನ ಬೇಸಿಗೆಗೆ ಗ್ರೀಸಿಗೆ ಹೊರಟಿದ್ದೀರಾ? ಅದರಲ್ಲೂ ಅಪ್ಪ ಅಮ್ಮನನ್ನು ಕರೆದುಕೊಂಡು? ಹಾಗಿದ್ದರೆ ದಯವಿಟ್ಟು ಐದು ನಿಮಿಷ ಕೊಡಿ. ಬುಕಿಂಗ್ ಸೈಟಿನ ಹೊರಗೆ, ಮಾಲೀಕನ ಬ್ಯಾಂಕ್ ಖಾತೆಗೆ ನೇರವಾಗಿ ಪೂರ್ತಿ ದುಡ್ಡು ಹಾಕಬೇಡಿ. ಚಿಕ್ಕ ದ್ವೀಪವಾದರಂತೂ ಬೇಡವೇ ಬೇಡ. ನಾವು ಹಾಕಿದೆವು. ದುಡ್ಡು ಹೋಗಿದ್ದು ಒಂದು ಕಡೆ ಇರಲಿ, ಅಮ್ಮನ ಇನ್ಸುಲಿನ್ ಹಾಳಾಗುವುದು ಸ್ವಲ್ಪದರಲ್ಲಿ ತಪ್ಪಿತು. ಆ ಭಯ ಇನ್ನೂ ಹೋಗಿಲ್ಲ.

ನಾವಿರುವುದು ನೆದರ್‌ಲ್ಯಾಂಡ್ಸಿನಲ್ಲಿ. 2025ರ ಬೇಸಿಗೆಗೆ ಅಮ್ಮ ಹಾಸನದಿಂದ ಮೂರು ತಿಂಗಳ ಮಟ್ಟಿಗೆ ಬಂದಿದ್ದಳು. ಅವಳಿಗೆ ಸಮುದ್ರ ತೋರಿಸಬೇಕು ಅಂತ ನನಗೆ ಆಸೆ. ಸ್ಯಾಂಟೊರಿನಿಯ ಜನಜಂಗುಳಿ, ಆ ಮೆಟ್ಟಿಲುಗಳು ಅವಳ ಮಂಡಿಗೆ ಆಗುವುದಿಲ್ಲ. ಹುಡುಕಿ ಹುಡುಕಿ ಸ್ಕಿನೂಸಾ ಅನ್ನುವ ದ್ವೀಪ ಹಿಡಿದೆ. ನಾಕ್ಸೋಸ್ ಮತ್ತು ಅಮೋರ್ಗೋಸ್ ಅನ್ನುವ ದ್ವೀಪಗಳ ನಡುವೆ ಇದೆ. ಎಂಟು ಚದರ ಕಿಲೋಮೀಟರ್ ಆಸುಪಾಸಿನ ಜಾಗ, ಇನ್ನೂರು ಚಿಲ್ಲರೆ ಜನ. ಅಥೆನ್ಸಿನ ಪಿರೇಯಸ್ ಬಂದರಿನಿಂದ ನಾಕ್ಸೋಸಿಗೆ ದೊಡ್ಡ ಹಡಗು, ಅಲ್ಲಿಂದ ಚಿಕ್ಕ ಹಡಗು. ಬಂದರಿನ ಹೆಸರು ಮೆರ್ಸಿನಿ. ಅಲ್ಲಿಂದ ಒಂದು ಏರು ಹತ್ತಿದರೆ ಖೋರಾ, ಅಂದರೆ ಊರು.

ಅಮ್ಮ ಸಸ್ಯಾಹಾರಿ. ಸಕ್ಕರೆ ಕಾಯಿಲೆ ಬೇರೆ. ಹೊತ್ತು ಹೊತ್ತಿಗೆ ಅವಳಿಗೆ ಒಗ್ಗುವ ಊಟ ಬೇಕು, ಇನ್ಸುಲಿನ್ ಇಡಲು ಫ್ರಿಜ್ ಬೇಕು. ಅದಕ್ಕೇ ಹೋಟೆಲ್ ಬಿಟ್ಟು ಅಡುಗೆಮನೆ ಇರುವ ಮನೆ ನೋಡಿದ್ದು. ಫೋಟೋದಲ್ಲಿ ಎಲ್ಲ ಚೆನ್ನಾಗಿತ್ತು. ನೀಲಿ ಕಿಟಕಿ, ನಾಲ್ಕು ಒಲೆಯ ಕುಕ್ಕಿಂಗ್ ರೇಂಜ್, ದೊಡ್ಡ ಫ್ರಿಜ್, ಮುಂದೆ ಒಂದು ಜಗಲಿ. ಸೈಟಿನಲ್ಲಿ ಮೆಸೇಜು ಮಾಡಿದೆ. ಮಾಲೀಕ ತುಂಬಾ ವಿನಯದಿಂದ ಉತ್ತರ ಬರೆದ. ಸೈಟಿನ ಕಮಿಷನ್ ಜಾಸ್ತಿ, ನೇರವಾಗಿ ಕಳಿಸಿದರೆ ರಾತ್ರಿಗೆ 95 ಯೂರೋಗೆ ಕೊಡುತ್ತೇನೆ ಅಂದ. ಆರು ರಾತ್ರಿಗೆ 570 ಯೂರೋ. ನಮ್ಮ ಯಜಮಾನರು ಬೇಡ ಅಂದರು. ನಾನೇ ಹಠ ಮಾಡಿ ಕಳಿಸಿದೆ.

ಆಗಸ್ಟ್ 12ರ ಸಂಜೆ ಇಳಿದೆವು. ಬಂದರಿಗೆ ಮಾಲೀಕ ಬರಲಿಲ್ಲ. ಯಾರೋ ಹುಡುಗ ಪಿಕಪ್‌ನಲ್ಲಿ ಬಂದು ಸಾಮಾನು ಹಾಕಿಕೊಂಡ. ಹೋಗಿ ನಿಲ್ಲಿಸಿದ್ದು ಬೇರೆಯೇ ಮನೆಯ ಹಿಂಭಾಗದಲ್ಲಿ. ಫೋನ್ ಮಾಡಿದರೆ ಮಾಲೀಕ ಹೇಳಿದ್ದು, ಆ ಮನೆಯಲ್ಲಿ ನೀರಿನ ಪೈಪ್ ಒಡೆದಿದೆ, ಇದೂ ನಂದೇ, ಇದೂ ಅಷ್ಟೇ ಚೆನ್ನಾಗಿದೆ ಅಂತ.

ಅದು ಉಗ್ರಾಣ. ಸುಮ್ನೆ ಕೋಪಕ್ಕೆ ಹೇಳುತ್ತಿಲ್ಲ. ಸುಣ್ಣ ಬಳಿದು ಮಂಚ ಹಾಕಿದ್ದರು, ಅಷ್ಟೇ. ಗೋಡೆಯಲ್ಲಿ ಇನ್ನೂ ಕೊಕ್ಕೆಗಳಿದ್ದವು. ಕಿಟಕಿ ಇರಲಿಲ್ಲ, ಬಾಗಿಲ ಮೇಲೆ ಅಂಗೈಯಗಲದ ಒಂದು ಗಾಜು ಇತ್ತು. ಇನ್ನು ಅಡುಗೆಮನೆ ಅಂದರೆ ಮೂಲೆಯಲ್ಲಿ ಒಂದು ಮೇಜು, ಮೇಜಿನ ಮೇಲೆ ಕ್ಯಾಂಪಿಂಗ್‌ಗೆ ಒಯ್ಯುವ ಪುಟ್ಟ ನೀಲಿ ಗ್ಯಾಸ್ ಡಬ್ಬಿಯ ಒಲೆ. ಕುಕ್ಕರ್ ಇಟ್ಟರೆ ಅಲ್ಲಾಡುತ್ತಿತ್ತು. ಬಾಗಿಲು ತೆರೆದರೆ ಗಾಳಿಗೆ ಉರಿ ಆರುತ್ತಿತ್ತು. ಜುಲೈ, ಆಗಸ್ಟ್‌ನಲ್ಲಿ ಆ ಸಮುದ್ರದ ಮೇಲೆ ಉತ್ತರದಿಂದ ಮೆಲ್ಟೆಮಿ ಅನ್ನುವ ಗಾಳಿ ಬೀಸುತ್ತದೆ, ದಿನಗಟ್ಟಲೆ ನಿಲ್ಲುವುದಿಲ್ಲ. ಬಾಗಿಲು ಹಾಕಿದರೆ ಹೊಗೆ ಹೋಗಲು ದಾರಿಯಿಲ್ಲ. ಮೊದಲ ರಾತ್ರಿ ಬಾಗಿಲು ಹಾಕಿಕೊಂಡೇ ಅನ್ನ ಮಾಡಿದೆವು. ಅರ್ಧ ಗಂಟೆಯಲ್ಲಿ ಅಮ್ಮ ತಲೆ ಹಿಡಿದುಕೊಂಡು ಕೂತಳು. ಮುಚ್ಚಿದ ಕೋಣೆಯಲ್ಲಿ ಇಂಥ ಒಲೆ ಉರಿಸಿದರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ, ಅದಕ್ಕೆ ವಾಸನೆಯೂ ಇರುವುದಿಲ್ಲ. ನನಗೆ ಅದು ಆ ಹೊತ್ತಿಗೆ ಹೊಳೆಯಲೇ ಇಲ್ಲ. ನೀವು ದಯವಿಟ್ಟು ನೆನಪಿಡಿ.

ಫ್ರಿಜ್ ವಿಷಯ ಗೊತ್ತಾಗಿದ್ದು ಬೆಳಿಗ್ಗೆ, ಕಾಫಿ ಹೊತ್ತಿಗೆ. ಊರಿಂದ ತಂದಿದ್ದ ಪುಡಿಯಲ್ಲಿ ಅಮ್ಮ ಡಿಕಾಕ್ಷನ್ ಇಳಿಸಿದ್ದಳು. ಹಾಲು ಕಾಯಿಸಿದರೆ ಒಡೆಯಿತು. ಹಿಂದಿನ ದಿನ ನಾಕ್ಸೋಸಿನಲ್ಲಿ ಕೊಂಡ ಹಾಲು! ಫ್ರಿಜ್ ತೆರೆದು ನೋಡಿದೆ. ಲೈಟ್ ಉರಿಯುತ್ತಿದೆ, ಮೋಟರ್ ಗುರ್ ಅನ್ನುತ್ತಿದೆ. ಒಳಗಿನ ನೀರಿನ ಬಾಟಲಿ ಮುಟ್ಟಿದರೆ ಬೆಚ್ಚಗಿದೆ. ಅದರ ಪಕ್ಕದಲ್ಲೇ ಅಮ್ಮನ ಇನ್ಸುಲಿನ್ ಪೆನ್ನುಗಳ ಡಬ್ಬ. ತೆರೆಯದ ಪೆನ್ನನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಬಳಸುತ್ತಿರುವ ಪೆನ್ನು ಕೆಲವು ವಾರ ಹೊರಗೆ ತಡೆಯುತ್ತದೆ, ಅದೂ ಸೆಕೆ ವಿಪರೀತ ಇರದಿದ್ದರೆ. ಆ ಕೋಣೆಯಲ್ಲಿ ಮಧ್ಯಾಹ್ನ ಕೂರಲೂ ಆಗುತ್ತಿರಲಿಲ್ಲ.

ಮಾಲೀಕನಿಗೆ ಫೋನ್ ಮಾಡಿದೆ. ನಾಳೆ ನೋಡ್ತೀನಿ ಅಂದ. ನಾನು ಅಳುವುದೊಂದು ಬಾಕಿ. ಆಗ ಯಜಮಾನರು ಡಬ್ಬ ಹಿಡಿದುಕೊಂಡು ಪಕ್ಕದ ಮನೆ ಬಾಗಿಲು ತಟ್ಟಿದರು. ಕಪ್ಪು ಬಟ್ಟೆಯ ಒಬ್ಬರು ಅಜ್ಜಿ ಬಂದರು. ಅಲ್ಲಿ ಅಜ್ಜಿಗೆ ಯಾಯಾ ಅಂತಾರೆ. ನಮಗೆ ಗ್ರೀಕ್ ಬರುವುದಿಲ್ಲ, ಅವರಿಗೆ ಇಂಗ್ಲಿಷ್ ಬರುವುದಿಲ್ಲ. ಆದರೆ ಇನ್ಸುಲಿನ್ ಅನ್ನುವ ಪದ ಅವರಿಗೆ ಅರ್ಥವಾಯಿತು. ಅಮ್ಮನ ಕಡೆ ಬೆರಳು ತೋರಿಸಿ ಇವರಿಗಾ ಅನ್ನುವಂತೆ ನೋಡಿದರು. ಆಮೇಲೆ ತಮ್ಮ ಫ್ರಿಜ್ಜಿನೊಳಗಿನ ಮೇಲಿನ ಶೆಲ್ಫಿನಿಂದ ಅಂಜೂರದ ಬಟ್ಟಲು ತೆಗೆದು ಜಾಗ ಮಾಡಿದರು. ಡಬ್ಬದ ಮೇಲೆ ಒಂದು ಚೀಟಿ ಬರೆದು ಅಂಟಿಸಿದರು, ಮನೆಯವರು ಯಾರೂ ಎಸೆಯದಿರಲಿ ಅಂತ ಇರಬೇಕು. ಅಲ್ಲಿಂದ ಮುಂದೆ ಅಮ್ಮ ಹೊತ್ತು ಹೊತ್ತಿಗೆ ಅವರ ಅಡುಗೆಮನೆಯಲ್ಲೇ ಇರುತ್ತಿದ್ದಳು. ಆ ದ್ವೀಪದಲ್ಲಿ ಬೆಳೆಯುವ ಫಾವಾ ಅನ್ನುವ ಹಳದಿ ಬೇಳೆಯನ್ನು ಅವರು ನುಣ್ಣಗೆ ಬೇಯಿಸಿ, ಈರುಳ್ಳಿ, ಆಲಿವ್ ಎಣ್ಣೆ ಹಾಕಿ ಕೊಟ್ಟರು. ಅಮ್ಮ ಅದನ್ನು ಅನ್ನಕ್ಕೆ ಕಲಸಿಕೊಂಡು, "ಥೇಟ್ ನಮ್ಮ ತೊವ್ವೆ ಕಣೇ" ಅಂದಳು. ಆ ಊರಿನ ಜನದ ಮೇಲೆ ನನಗೆ ಒಂದಿಷ್ಟೂ ಬೇಸರವಿಲ್ಲ.

ಬೇರೆ ರೂಮಿಗೆ ಹೋಗಬಹುದಿತ್ತಲ್ಲ ಅಂತ ನೀವು ಕೇಳಬಹುದು. ಊರೆಲ್ಲ ಸುತ್ತಿದೆವು. ಆಗಸ್ಟ್ 15 ಗ್ರೀಕರಿಗೆ ಮೇರಿ ಮಾತೆಯ ದೊಡ್ಡ ಹಬ್ಬ. ನಮ್ಮಲ್ಲಿ ಗೌರಿ ಗಣೇಶಕ್ಕೆ ಊರು ಸೇರುವ ಹಾಗೆ ಅಥೆನ್ಸಿನಲ್ಲಿರುವವರೆಲ್ಲ ತಮ್ಮ ತಮ್ಮ ದ್ವೀಪಕ್ಕೆ ಬರುತ್ತಾರೆ. ಒಂದು ಮಂಚವೂ ಖಾಲಿ ಇರಲಿಲ್ಲ. 14ಕ್ಕೆ ನಾಕ್ಸೋಸಿಗೆ ವಾಪಸ್ ಹೋಗೋಣ ಅಂದರೆ ಗಾಳಿ ಜೋರಾಗಿ ಚಿಕ್ಕ ಹಡಗು ಬರಲಿಲ್ಲ. ಹೀಗೆ ಹಡಗು ಬಿಡಬೇಡಿ ಅಂತ ಬಂದರಿನವರು ಹೊರಡಿಸುವ ಆಜ್ಞೆಗೆ ಅಲ್ಲಿ ಅಪಗೊರೆಫ್ಟಿಕೊ ಅಂತಾರೆ. ಆಗಸ್ಟಿನಲ್ಲಿ ಹೋಗುವವರು ಈ ಪದ ಕಲಿತುಕೊಳ್ಳಿ. ಊರಿನಲ್ಲಿ ಒಬ್ಬರು ಡಾಕ್ಟರ್ ಇದ್ದರು, ಆದರೆ ನಮಗೆ ಬೇಕಾದ ಇನ್ಸುಲಿನ್ ನಾಕ್ಸೋಸಿನಿಂದಲೇ ಬರಬೇಕು ಅಂದರು. ಹಡಗೇ ಇಲ್ಲದ ಮೇಲೆ ಎಲ್ಲಿಂದ ತರುವುದು?

ಅಷ್ಟರಲ್ಲಿ ಮಾಲೀಕ ಬಂದ. ಫ್ರಿಜ್ ರಿಪೇರಿಗಲ್ಲ, ತೆರಿಗೆ ಕೇಳಲಿಕ್ಕೆ. ಗ್ರೀಸಿನಲ್ಲಿ ರಾತ್ರಿ ತಂಗುವವರಿಗೆ ಒಂದು ಹವಾಮಾನ ಶುಲ್ಕ ಇದೆ, ಅದು ನಿಜ. ಆತ ಕೇಳಿದ್ದು ಒಬ್ಬೊಬ್ಬರಿಗೆ ರಾತ್ರಿಗೆ 8 ಯೂರೋ, ಮೂವರಿಗೆ ಆರು ರಾತ್ರಿಗೆ 144 ಯೂರೋ, ಅದೂ ಕ್ಯಾಶ್. ಈ ಶುಲ್ಕ ತಲೆಗಿಷ್ಟು ಅಂತ ಇಲ್ಲ, ರೂಮಿಗೆ ರಾತ್ರಿಗಿಷ್ಟು ಅಂತ. 2025ರಿಂದ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಹೀಗೆ ಬಾಡಿಗೆಗೆ ಕೊಡುವ ಮನೆಗೆ 8 ಯೂರೋ, 80 ಚದರ ಮೀಟರಿಗಿಂತ ದೊಡ್ಡ ಒಂಟಿ ಮನೆಯಾದರೆ 15. ಪರವಾನಗಿ ಇರುವ ಬಾಡಿಗೆ ರೂಮುಗಳಿಗೆ ಬರೀ 2 ಯೂರೋ. ನಮ್ಮ ಲೆಕ್ಕ ಹೆಚ್ಚೆಂದರೆ 48 ಆಗಬೇಕಿತ್ತು. ರಸೀದಿ ಕೊಡಿ, ಕೊಡ್ತೀವಿ ಅಂದೆ. ಗೊಣಗಿಕೊಂಡು ಹೋದವನು ಮತ್ತೆ ಬರಲಿಲ್ಲ.

ಆಮೇಲೆ ಕೂತು ಜಾಹೀರಾತನ್ನು ಮತ್ತೆ ಓದಿದೆ. ಗ್ರೀಸಿನಲ್ಲಿ ಮನೆ ಬಾಡಿಗೆಗೆ ಕೊಡುವವರು ತೆರಿಗೆ ಇಲಾಖೆಯಲ್ಲಿ ನೋಂದಾಯಿಸಬೇಕು. ಆ ನಂಬರಿಗೆ ಎ.ಎಂ.ಎ. ಅಂತಾರೆ, ಜಾಹೀರಾತಿನಲ್ಲಿ ಅದು ಕಾಣಬೇಕು. ಫೋಟೋದ ಮನೆಗೆ ನಂಬರ್ ಇತ್ತು. ನಾವಿದ್ದ ಉಗ್ರಾಣಕ್ಕೆ ಎಲ್ಲೂ ಇರಲಿಲ್ಲ. ನಾವು ವಾಪಸ್ ಬಂದ ಮೇಲೆ 2025ರ ಅಕ್ಟೋಬರ್ 1ರಿಂದ ಹೊಸ ನಿಯಮ ಜಾರಿಯಾಗಿದೆ. ಇಂಥ ಬಾಡಿಗೆ ಮನೆಯಲ್ಲಿ ಬೆಳಕು, ಗಾಳಿ ಬರಬೇಕು, ಹೊಗೆ ಪತ್ತೆ ಮಾಡುವ ಸಾಧನ, ಬೆಂಕಿ ಆರಿಸುವ ಸಿಲಿಂಡರ್, ಇನ್ಶೂರೆನ್ಸ್ ಎಲ್ಲ ಇರಬೇಕು. ಉಗ್ರಾಣವನ್ನು ಮನೆ ಅಂತ ಕೊಡುವ ಹಾಗಿಲ್ಲ. ಈಗ ಹೋಗುವವರು ಇದನ್ನು ಧೈರ್ಯವಾಗಿ ಕೇಳಬಹುದು.

16ಕ್ಕೆ ಹಡಗು ಬಂತು, ಹೊರಟೆವು. ಹೊರಡುವಾಗ ಯಾಯಾ ಇನ್ಸುಲಿನ್ ಡಬ್ಬವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಅಮ್ಮನ ಕೈಗೇ ಕೊಟ್ಟರು. ಮಾಲೀಕ ಮೊದಲು 50 ಯೂರೋ ವಾಪಸ್ ಕೊಡುತ್ತೇನೆ ಅಂದ, ಆಮೇಲೆ ಉತ್ತರವೇ ಇಲ್ಲ. ಬುಕಿಂಗ್ ಸೈಟಿಗೆ ಬರೆದರೆ ನಮ್ಮ ಮೂಲಕ ದುಡ್ಡು ಬಂದಿಲ್ಲ ಅಂದರು. ಬ್ಯಾಂಕಿನವರು, ಕಾರ್ಡ್ ಆಗಿದ್ದರೆ ಪ್ರಯತ್ನ ಮಾಡಬಹುದಿತ್ತು, ನೀವೇ ಕಳಿಸಿದ ದುಡ್ಡು ಏನೂ ಮಾಡಲಾಗದು ಅಂದರು. ಯುರೋಪಿನ ಗ್ರಾಹಕ ಕೇಂದ್ರಗಳು ಅಂಗಡಿ, ಕಂಪನಿಗಳ ಮೇಲಿನ ದೂರನ್ನು ನೋಡುತ್ತವೆ. ಖಾಸಗಿಯಾಗಿ ಮನೆ ಕೊಟ್ಟವನ ಜೊತೆಗಿನ ಜಗಳ ಅವರ ಕೆಲಸಕ್ಕೆ ಬರುವುದಿಲ್ಲ. 570 ಯೂರೋ ಹೋಯಿತು. "ಬಿಡು ಪುಟ್ಟ, ನಾನು ಚೆನ್ನಾಗಿದ್ದೀನಲ್ಲ" ಅಂತ ಅಮ್ಮ ಇವತ್ತಿಗೂ ಅನ್ನುತ್ತಾಳೆ. ನನಗೆ ಬಿಡಲು ಆಗುತ್ತಿಲ್ಲ.

ಹಾಗಂತ ಎಲ್ಲದಕ್ಕೂ ದೂರು ಹೇಳುತ್ತಿಲ್ಲ. ನಲ್ಲಿ ನೀರು ಉಪ್ಪುಪ್ಪಾಗಿತ್ತು, ಅಕ್ಕಿ ಬೇಯಿಸಲೂ ಬಾಟಲಿ ನೀರು ಕೊಂಡೆವು. ಟಾಯ್ಲೆಟ್ ಪೇಪರ್ ಬುಟ್ಟಿಗೇ ಹಾಕಬೇಕು. ಇವೆಲ್ಲ ಅಲ್ಲಿಯ ಬದುಕು, ಹೋದವರು ಹೊಂದಿಕೊಳ್ಳಬೇಕು. ಇಲ್ಲದ ಅಡುಗೆಮನೆಗೆ ದುಡ್ಡು ತೆಗೆದುಕೊಂಡಿದ್ದು ಮಾತ್ರ ಮೋಸ.

ಈ ಸಲ ಅಪ್ಪನೂ ಬರುತ್ತಿದ್ದಾರೆ. ಈಗ ಯಾವ ಮನೆ ನೋಡಿದರೂ ಸೈಟಿನ ಒಳಗಿನಿಂದಲೇ ಈ ಮೆಸೇಜು ಕಳಿಸುತ್ತೇನೆ, ಬೇಕಾದರೆ ನೀವೂ ಬಳಸಿಕೊಳ್ಳಿ: "ನಾವು ಮಲಗುವ ಮನೆಯ ಎ.ಎಂ.ಎ. ನಂಬರ್ ಯಾವುದು? ಒಲೆ ಕರೆಂಟಿನದೋ ಗ್ಯಾಸಿನದೋ, ಅದರ ಹತ್ತಿರ ಕಿಟಕಿ ಇದೆಯಾ? ಫ್ರಿಜ್ಜಿನಲ್ಲಿ ಔಷಧಿ ಇಡಬೇಕು, ಒಳಗೆ ಎಷ್ಟು ಡಿಗ್ರಿ ಇರುತ್ತದೆ? ಇವತ್ತು ತೆಗೆದ ಫೋಟೋ ಕಳಿಸಿ. ಹವಾಮಾನ ಶುಲ್ಕಕ್ಕೆ ರಸೀದಿ ಕೊಡುತ್ತೀರಾ?" ಹೋದ ವಾರ ನಾಲ್ಕು ಜನಕ್ಕೆ ಕಳಿಸಿದ್ದೆ. ಒಬ್ಬರು ಫ್ರಿಜ್ಜಿನ ಒಳಗೆ ಥರ್ಮಾಮೀಟರ್ ಇಟ್ಟು ಫೋಟೋ ತೆಗೆದು ಕಳಿಸಿದರು. ಅವರ ಮನೆಯನ್ನೇ ಬುಕ್ ಮಾಡಿದ್ದೇವೆ, ಜೂನ್ ತಿಂಗಳಿಗೆ, ಕಾರ್ಡ್‌ನಲ್ಲಿ.