ನಿಟ್ಟೊ ಮೀಸೆ ಹ್ಯಾಂಡಲ್: ಸ್ಟೆಮ್ ಹೊಂದಿದರೆ ಸವಾರಿ ಸುಖ

ಹಳೆಯ ಉಕ್ಕಿನ ಚೌಕಟ್ಟಿನ ಸೈಕಲ್ಲಿಗೆ ರೇಸಿನ, ಕೆಳಕ್ಕೆ ಬಾಗಿದ ಡ್ರಾಪ್ ಹ್ಯಾಂಡಲ್ ಬೇಡ, ಬೆನ್ನು ನೆಟ್ಟಗೆ ನಿಲ್ಲಿಸುವ ಸಾದಾ ಹ್ಯಾಂಡಲ್ಲೂ ಬೇಡ ಎನ್ನುವವರು ಜಪಾನಿನ ನಿಟ್ಟೊ ಕಂಪನಿಯ ಮೀಸೆಯಾಕಾರದ ಹ್ಯಾಂಡಲನ್ನು ಪರಿಶೀಲಿಸಲೇಬೇಕು. ಹ್ಯಾಂಡಲನ್ನು ಸೈಕಲ್ಲಿಗೆ ಬಿಗಿದಿಡುವ ಕತ್ತಿನಂಥ ಭಾಗವಾದ ಸ್ಟೆಮ್ಮಿನಿಂದ ಎರಡೂ ಬದಿಗೆ ಹೊರಟ ಕೊಳವೆ ಮೊದಲು ಮುಂದಕ್ಕೆ ಚಾಚಿ, ಅಗಲವಾಗಿ ಬಾಗಿ, ಕೊನೆಗೆ ಸವಾರನ ಕಡೆಗೇ ತಿರುಗುತ್ತದೆ. ಈ ಆಕಾರಕ್ಕೆ ಹೆಸರು ತಂದದ್ದು ಬ್ರಿಡ್ಜ್‌ಸ್ಟೋನ್ ಕಂಪನಿಯ ಅಮೆರಿಕ ವಿಭಾಗದ 1992ರ ಎಕ್ಸ್‌ಒ-1 ಸೈಕಲ್. ಅದರ ಹಿಂದಿದ್ದ ಗ್ರಾಂಟ್ ಪೀಟರ್ಸನ್ ಅವರು, 1994ರಲ್ಲಿ ಆ ವಿಭಾಗ ಮುಚ್ಚಿದಾಗ ಕ್ಯಾಲಿಫೋರ್ನಿಯಾದಲ್ಲಿ ರಿವೆಂಡೆಲ್ ಸೈಕಲ್ ಸಂಸ್ಥೆಯನ್ನು ಆರಂಭಿಸಿ, ಸ್ಪರ್ಧೆಯ ವೇಗಕ್ಕಿಂತ ಸವಾರನ ಸುಖವೇ ದೊಡ್ಡದೆಂಬ ತಮ್ಮ ನಿಲುವನ್ನು ಮುಂದುವರಿಸಿದರು.

ಡ್ರಾಪ್ ಹ್ಯಾಂಡಲಿನ ಕೆಳಭಾಗಕ್ಕೆ ಕೈ ಒಯ್ಯಬೇಕಾದರೆ ಬೆನ್ನೂ ಕತ್ತೂ ಕೈಯ ಹಿಂದೆಯೇ ಕೆಳಗಿಳಿಯಬೇಕಾಗುತ್ತದೆ. ಮೀಸೆ ಹ್ಯಾಂಡಲಿನಲ್ಲಾದರೋ ಹಿಡಿಯುವ ಜಾಗಗಳೆಲ್ಲ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿರುವುದರಿಂದ ಕೈ ಮುಂದಕ್ಕೂ ಹಿಂದಕ್ಕೂ ಸರಿಯುತ್ತದೆಯೇ ಹೊರತು ಎದೆ ನೆಲದತ್ತ ಬಾಗುವುದಿಲ್ಲ. ನಂದಿಬೆಟ್ಟದ ಏರಿನಲ್ಲಿ ಎದ್ದು ನಿಂತು ತುಳಿಯುವಾಗ ಮುಂದಿನ ತಿರುವನ್ನು ಹಿಡಿದರೆ ತೋಳಿಗೆ ಸಿಗುವ ಬಲ, ಆಮೇಲೆ ಸಮತಟ್ಟಿನಲ್ಲಿ ಹಿಂದಿನ ತುದಿಗಳಿಗೆ ಕೈ ತಂದಾಗ ಭುಜಕ್ಕೆ ಸಿಗುವ ಬಿಡುವು, ಇವೆರಡೂ ನನಗೆ ಬಹಳ ಮೆಚ್ಚುಗೆಯಾದವು.

ಆದರೆ ಸ್ಟೆಮ್ಮಿನ ಆಯ್ಕೆ ತಪ್ಪಿದರೆ ಈ ಗುಣ ಒಂದೂ ಕಾಣಿಸದು. ಡ್ರಾಪ್ ಹ್ಯಾಂಡಲಿಗಿದ್ದ ಉದ್ದನೆಯ, ತಗ್ಗಾದ ಸ್ಟೆಮ್ಮಿಗೇ ಇದನ್ನು ಬಿಗಿದರೆ ಕೈ ಅತಿಯಾಗಿ ಚಾಚಿ ಅಂಗೈ ನೋಯತೊಡಗುತ್ತದೆ. ಈ ಆಕಾರವನ್ನೇ ದೂರುವವರಲ್ಲಿ ಹೆಚ್ಚಿನವರು ಹೀಗೆ ಜೋಡಿಸಿದವರೆಂದೇ ನನ್ನ ಅನಿಸಿಕೆ. ಸ್ಟೆಮ್ ಗಿಡ್ಡದಾಗಿರಬೇಕು, ಹ್ಯಾಂಡಲ್ ಸೀಟಿನ ಮಟ್ಟಕ್ಕಾದರೂ ಏರಬೇಕು, ತುದಿಗಳು ತುಸು ಕೆಳಮುಖವಾಗಿದ್ದರೆ ಮಣಿಕಟ್ಟು ಸಹಜವಾಗಿ ಕೂರುತ್ತದೆ. ನಿಟ್ಟೊದ್ದೇ ಆದ ಟೆಕ್ನಾಮಿಕ್ ಎಂಬ ಎತ್ತರದ ಸ್ಟೆಮ್ ಹಳೆಯ ಚೌಕಟ್ಟುಗಳಿಗೆ ಇದಕ್ಕಾಗಿಯೇ ಒದಗುತ್ತದೆ, ಆದರೆ ಕನಿಷ್ಠ ಇಷ್ಟು ಒಳಗಿರಬೇಕೆಂದು ಅದರ ಮೇಲೆ ಕೊರೆದಿರುವ ಗೆರೆ ಹೊರಗೆ ಕಾಣುವಷ್ಟು ಎಂದಿಗೂ ಎಳೆಯಬಾರದು.

ಸ್ಟೆಮ್ ಹಿಡಿಯುವಲ್ಲಿ ಹ್ಯಾಂಡಲಿನ ದಪ್ಪ 25.4 ಮಿಲಿಮೀಟರ್, ಕೈ ಹಿಡಿಯುವಲ್ಲಿ 23.8. ಆದ್ದರಿಂದ ಡ್ರಾಪ್ ಹ್ಯಾಂಡಲಿನ ಬ್ರೇಕ್ ಲಿವರುಗಳೇ ಇದಕ್ಕೆ ಹೊಂದುತ್ತವೆ; 22.2ಕ್ಕೆಂದು ಮಾಡಿದ ಎಂಟಿಬಿ (ಗುಡ್ಡಗಾಡಿನ ಸೈಕಲ್) ಲಿವರುಗಳು ಕೂರುವುದಿಲ್ಲ.

ನಿಜವಾದ ಕೊರತೆ ಇರುವುದು ಬ್ರೇಕಿನಲ್ಲಿ. ಲಿವರುಗಳು ಮುಂದಿನ ತಿರುವಿನಲ್ಲಿರುವುದರಿಂದ ಅತ್ಯಂತ ಆರಾಮದ ಹಿಂದಿನ ಹಿಡಿತದಲ್ಲಿರುವಾಗ ಅವು ಬೆರಳಿಗೆ ಎಟಕುವುದಿಲ್ಲ. ತೆರವಾದ ಹೆದ್ದಾರಿಯಲ್ಲಿ ಇದನ್ನು ಸಹಿಸಬಹುದು. ಬೆಂಗಳೂರಿನ ಪೇಟೆಯ ದಟ್ಟಣೆಯಲ್ಲಿ ಸಹಿಸಲಾಗದು. ದಿನವೂ ಊರೊಳಗೇ ಓಡಾಡುವವರಿಗೆ ತುದಿಗಳು ಸವಾರನತ್ತ ಬಾಗಿದ, ಇಂಗ್ಲಿಷ್ ಮಾದರಿಯ ನಾರ್ತ್ ರೋಡ್ ಹ್ಯಾಂಡಲನ್ನೇ ಸೂಚಿಸುತ್ತೇನೆ, ಏಕೆಂದರೆ ಅದರಲ್ಲಿ ಕೈಯಿರುವಲ್ಲಿಯೇ ಬ್ರೇಕೂ ಇರುತ್ತದೆ.

ಮನೆಯಲ್ಲಿರುವ ರಾಡ್ ಬ್ರೇಕಿನ (ಕೇಬಲ್ ಬದಲು ಕಂಬಿಯಿಂದ ಎಳೆಯುವ ಬ್ರೇಕಿನ) ಹಳೆಯ ಸೈಕಲ್ಲಿಗೆ ಮೀಸೆ ಹ್ಯಾಂಡಲ್ ಹಾಕುವ ಆಸೆಯಿದ್ದವರು ಮೊದಲೇ ಖರ್ಚಿನ ಲೆಕ್ಕ ಹಾಕುವುದು ಒಳ್ಳೆಯದು. ಆ ಸೈಕಲ್ಲುಗಳಲ್ಲಿ ಬ್ರೇಕಿನ ಲಿವರ್ ಹ್ಯಾಂಡಲಿಗೇ ಸೇರಿಕೊಂಡಿರುತ್ತದೆ, ಬ್ರೇಕಿನ ರಬ್ಬರು ರಿಮ್ಮಿನ ಒಳಮೈಯನ್ನು ಒತ್ತುತ್ತದೆ, ರಿಮ್ಮಿನ ಪಕ್ಕಗಳೋ ದುಂಡಾಗಿರುತ್ತವೆ. ಹೀಗಾಗಿ ಹ್ಯಾಂಡಲ್ ಬದಲಿಸಿ, ರಿಮ್ಮಿನ ಪಕ್ಕಗಳನ್ನು ಒತ್ತುವ ಕೇಬಲ್ ಬ್ರೇಕಿಗೆ ಹೋದರೆ ರಿಮ್ಮುಗಳನ್ನೂ ಬದಲಿಸಬೇಕಾಗುತ್ತದೆ.